ಒಂದೇ ವಠಾರ, ಬೇರೆ ಬೇರೆ ಬಾಗಿಲು

ವಠಾರ ಎಂಬ ಮಾತನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದೀರಾ? ಒಂದೇ ಗೇಟು, ಒಂದೇ ನಲ್ಲಿ, ಹತ್ತಾರು ಸಂಸಾರ. ಯಾರ ಮನೆಗೆ ಯಾರು ಬಂದರೂ ಎಲ್ಲರಿಗೂ ಗೊತ್ತಾಗುತ್ತಿತ್ತು. ಲಿನಕ್ಸ್ ಕರ್ನಲ್ಲಿನ ನೆಟ್‌ವರ್ಕ್ ಕೂಡ ಬಹಳ ಕಾಲ ಹೀಗೇ ಇತ್ತು. ಇಡೀ ಯಂತ್ರಕ್ಕೆ ಒಂದೇ ಫೈರ್‌ವಾಲ್, ಪೋರ್ಟ್‌ಗಳ ಒಂದೇ ಪಟ್ಟಿ. ಒಂದು ವೆಬ್ ಸರ್ವರ್ 80ನೇ ಪೋರ್ಟ್ ಹಿಡಿದು ಕೂತರೆ, ಅದೇ ವಿಳಾಸದಲ್ಲಿ ಇನ್ನೊಂದಕ್ಕೆ ಜಾಗವಿರಲಿಲ್ಲ.

ಬೇರೆ ಮಾಡುವ ಯೋಚನೆ ಹೊಸದಲ್ಲ. 1979ರ ಹೊತ್ತಿಗೆ ಯೂನಿಕ್ಸ್‌ಗೆ ಬಂದ 'ಸಿಎಚ್‌ರೂಟ್' ಒಂದು ಪ್ರೋಗ್ರಾಮಿಗೆ ಕಾಣುವ ಫೈಲುಗಳನ್ನಷ್ಟೇ ಕಡಿಮೆ ಮಾಡಿತು. 2000ದಲ್ಲಿ ಫ್ರೀಬಿಎಸ್‌ಡಿಯ 'ಜೈಲ್' ಪ್ರತಿಯೊಂದು ಕೋಣೆಗೂ ಒಂದು ಐಪಿ ವಿಳಾಸ ಕೊಟ್ಟಿತು. ಒಳಗಿನ ನೆಟ್‌ವರ್ಕ್ ಮಾತ್ರ ಒಂದೇ ಉಳಿಯಿತು. 2002ರಲ್ಲಿ ಲಿನಕ್ಸ್‌ಗೆ ಮೊದಲ ನೇಮ್‌ಸ್ಪೇಸ್ ಬಂತು, ಅದೂ ಫೈಲ್ ವ್ಯವಸ್ಥೆಗೆ. ಅದಕ್ಕೆ ಬರೀ 'ಹೊಸ ನೇಮ್‌ಸ್ಪೇಸ್' ಎಂಬ ಗುರುತಿಟ್ಟರು, ಮುಂದೆ ಇನ್ನಷ್ಟು ಹುಟ್ಟುವುದಿಲ್ಲ ಎಂಬಂತೆ!

2006ರ ಒಟ್ಟಾವಾ ಲಿನಕ್ಸ್ ಸಮಾವೇಶದಲ್ಲಿ ಎರಿಕ್ ಬೀಡರ್‌ಮನ್ ಒಂದು ಪ್ರಬಂಧ ಮಂಡಿಸಿದರು. ಕರ್ನಲ್ಲಿನಲ್ಲಿ ಎಲ್ಲರಿಗೂ ಸೇರಿದ ಪಟ್ಟಿಗಳನ್ನು ಗುಂಪಿಗೊಂದರಂತೆ ಹಂಚುವುದು ಹೇಗೆ ಎಂಬುದೇ ಅದರ ವಿಷಯ. ಹೇಳುವುದು ಸುಲಭ, ನೆಟ್‌ವರ್ಕಿನ ಕೋಡನ್ನು ಮೂಲೆ ಮೂಲೆಯಲ್ಲೂ ತಿದ್ದಬೇಕಿತ್ತು. 2008ರ ಜನವರಿಯಲ್ಲಿ 2.6.24ನೇ ಆವೃತ್ತಿಯೊಂದಿಗೆ ನೆಟ್‌ವರ್ಕ್ ನೇಮ್‌ಸ್ಪೇಸ್ ಶುರುವಾಯಿತು, 2009ರ 2.6.29ರ ಹೊತ್ತಿಗೆ ಬಹುಪಾಲು ಮುಗಿಯಿತು.

ಇದರ ಸೊಗಸು ಎಲ್ಲಿದೆ ಗೊತ್ತೇ? ಹೊಸದಾಗಿ ಹುಟ್ಟಿದ ನೇಮ್‌ಸ್ಪೇಸ್ ಖಾಲಿ ಮನೆ. ಅದರಲ್ಲಿ ತನ್ನೊಡನೆ ತಾನೇ ಮಾತಾಡುವ ಲೂಪ್‌ಬ್ಯಾಕ್ ಮಾತ್ರ ಇರುತ್ತದೆ, ಅದೂ ಆಫ್ ಆಗಿ. ಹೊರಗೆ ಹೋಗಲು ದಾರಿಯೇ ಇಲ್ಲ. ದಾರಿ ಬೇಕೆಂದರೆ 'ವೀತ್' ಎಂಬ ಜೋಡಿ ತಂತಿ ಎಳೆಯಬೇಕು: ಈ ತುದಿಯಲ್ಲಿ ಹಾಕಿದ ಪ್ಯಾಕೆಟ್ ಆ ತುದಿಯಲ್ಲಿ ಹೊರಬರುತ್ತದೆ. ಒಂದು ಪ್ರೋಗ್ರಾಮಿಗೆ ವಿಪಿಎನ್ ತಂತಿಯೊಂದನ್ನೇ ಕೊಟ್ಟಿರಿ ಎನ್ನಿ. ವಿಪಿಎನ್ ಕಡಿದರೆ ಅದರ ಮಾತು ಕದ್ದು ಬೇರೆ ದಾರಿ ಹಿಡಿಯುವುದಿಲ್ಲ, ಅಲ್ಲೇ ನಿಲ್ಲುತ್ತದೆ. 2013ರಲ್ಲಿ ಬಂದ ಡಾಕರ್ ಕೂಡ ತನ್ನ ಕಂಟೇನರ್‌ಗಳನ್ನು ಬೇರೆ ಬೇರೆ ಇಡಲು ಇದನ್ನೇ ಬಳಸಿತು.

ಆದರೆ ಒಂದು ಮಾತು ಮರೆಯಬೇಡಿ. ಬಾಗಿಲು ಬೇರೆಯಾದರೂ ತಳಪಾಯ ಒಂದೇ. ಕರ್ನಲ್ಲಿನಲ್ಲೇ ದೊಡ್ಡ ದೋಷವಿದ್ದರೆ ಈ ಗೋಡೆಗಳು ಯಾರನ್ನೂ ಕಾಯಲಾರವು. ಗುರುತಿಲ್ಲದವರ ಕೋಡ್ ಓಡಿಸುವವರು ಇಂದಿಗೂ ಕರ್ನಲ್ಲೇ ಬೇರೆಯಿರುವ ವರ್ಚುವಲ್ ಮಷೀನ್ ಹುಡುಕುವುದು ಇದಕ್ಕೇ. ಗೋಡೆ ಕಟ್ಟುವಾಗ ತಳಪಾಯ ಯಾರದ್ದು ಎಂದೂ ಕೇಳಿಕೊಳ್ಳಿ.