ಖಾಲಿ ಗ್ಯಾಲರಿಗೆ ಜನ ವಾಪಸ್ ಬಂದದ್ದು ಹೇಗೆ? ಬೆಂಗಳೂರು ಫುಟ್‌ಬಾಲ್‌ನ ಕಥೆ

ಪುತ್ತೂರಿನಲ್ಲಿ ಮಹಾಲಿಂಗೇಶ್ವರ ದೇವಸ್ಥಾನದ ದೇವರಮಾರು ಗದ್ದೆಯಲ್ಲಿ ಕೋಟಿ-ಚೆನ್ನಯ ಕಂಬಳ ಆಗ್ತದಲ್ಲ, ಅದಕ್ಕೆ ಜನರನ್ನು ಮನೆ ಮನೆಗೆ ಹೋಗಿ ಕರೀಬೇಕು ಅಂತ ಇಲ್ಲ. ರಾತ್ರಿ ಇಡೀ ನಿದ್ದೆಗೆಟ್ಟು ನಿಲ್ತಾರೆ. ಯಾಕೆ? ಓಡುವ ಕೋಣ ಯಾರ ಮನೆಯದ್ದು, ಓಡಿಸುವವ ಯಾವ ಊರಿನವ ಅಂತ ನೋಡುವವನಿಗೆ ಗೊತ್ತುಂಟು. ಇವತ್ತಿನ ಕಥೆ ಕಂಬಳದ್ದಲ್ಲ, ಫುಟ್‌ಬಾಲ್‌ನದ್ದು. ಆದ್ರೆ ಆ "ಯಾರ ಮನೆಯದ್ದು" ಎನ್ನುವ ಪ್ರಶ್ನೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಫುಟ್‌ಬಾಲ್‌ಗೂ ನಮಗೂ ಎಂತ ಸಂಬಂಧ ಅಂತ ಕೇಳಬಹುದು. ಪುತ್ತೂರು, ಸುಳ್ಯ, ಕಡಬದ ಕಡೆ ಆಟ ಅಂದ್ರೆ ಕಬಡ್ಡಿ, ವಾಲಿಬಾಲ್, ಗದ್ದೆ ಕೊಯ್ದ ಮೇಲೆ ಕ್ರಿಕೆಟ್. ಫುಟ್‌ಬಾಲ್ ನೋಡಬೇಕಾದ್ರೆ ಗಡಿ ದಾಟಿ ಕಾಸರಗೋಡಿನ ಸೆವೆನ್ಸ್ ಪಂದ್ಯಕ್ಕೆ ಹೋಗ್ಬೇಕು. ಆದ್ರೆ ನಮ್ಮ ಮನೆ ಮಕ್ಕಳು ಈಗ ಬೆಂಗಳೂರಲ್ಲಿ ಇದ್ದಾರೆ. ಕಂಠೀರವ ಕ್ರೀಡಾಂಗಣದ ಗ್ಯಾಲರಿಯಲ್ಲಿ ನೀಲಿ ಜೆರ್ಸಿ ಹಾಕಿ ಕಿರುಚುವವರ ನಡುವೆ ತುಳುವಿನಲ್ಲಿ ಬೈಯುವ ದನಿಯನ್ನು ನಾನೇ ಕೇಳಿದ್ದೇನೆ. ಪಂದ್ಯ ಮುಗಿಯಲು ಐದು ನಿಮಿಷ ಇರುವಾಗ, ಪುತ್ತೂರಿನ ರಾತ್ರಿ ಬಸ್ಸು ತಪ್ಪುತ್ತದೆ ಅಂತ ಮೆಜೆಸ್ಟಿಕ್‌ಗೆ ಓಡಿದವರಲ್ಲಿ ನಾನೂ ಒಬ್ಬ.

ಮೊದಲು ಹಳೆಯ ಕಾಲಕ್ಕೆ ಹೋಗುವ. ಬೆಂಗಳೂರಿನಲ್ಲಿ ಫುಟ್‌ಬಾಲ್ ಬೆಳೆದದ್ದು ದಂಡು ಪ್ರದೇಶದಲ್ಲಿ, ಅಂದ್ರೆ ಕಂಟೋನ್ಮೆಂಟ್‌ನಲ್ಲಿ. ಬ್ರಿಟಿಷ್ ಸೈನಿಕರು ಆಡಿದ್ರು, ಸುತ್ತಲಿನ ಬಡಾವಣೆಯ ಹುಡುಗರು ನೋಡಿ ಕಲಿತ್ರು. ಆಸ್ಟಿನ್ ಟೌನ್, ಹಲಸೂರಿನ ಗೌತಮಪುರ, ಇವೆಲ್ಲ ಫುಟ್‌ಬಾಲ್ ಕೇರಿಗಳೇ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಉಂಟು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಮುಂಬೈಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿವರೆಗೆ ಆ ಕಪ್ ಗೆದ್ದವರೆಲ್ಲ ಸೈನ್ಯದ ತಂಡಗಳು. ಅದನ್ನು ಎತ್ತಿದ ಮೊದಲ ಭಾರತೀಯ ನಾಗರಿಕ ತಂಡ ಇದು. ಮರುವರ್ಷ ಪುನಃ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಲ್ಲಿ ಸೋತಿತಲ್ಲ, ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರು. ಅವರು ಮುಂದೆ ಕೋಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್‌ನ "ಪಂಚ ಪಾಂಡವ"ರಲ್ಲಿ ಒಬ್ಬರಾದ್ರು. ಇದನ್ನೂ ಗಮನಿಸಿ: ಒಳ್ಳೆಯ ಆಟಗಾರರು ಆಗಲೇ ಊರು ಬಿಟ್ಟು ಹೋಗ್ತಿದ್ರು.

ಆದ್ರೂ ಗ್ಯಾಲರಿ ಖಾಲಿಯಾಗಲಿಲ್ಲ. ಯಾಕಂದ್ರೆ ಆಮೇಲೆ ಬಂದದ್ದು ಕಾರ್ಖಾನೆಗಳ ಕಾಲ. ಐಟಿಐ, ಎಚ್‌ಎಎಲ್, ಬಿಇಎಂಎಲ್, ಎಲ್ಲದಕ್ಕೂ ತಂಡ ಇತ್ತು. ಚೆನ್ನಾಗಿ ಆಡುವ ಹುಡುಗನಿಗೆ ಕೆಲಸ ಸಿಗ್ತಿತ್ತು. ಬೆಳಗ್ಗೆ ಪಕ್ಕದ ಮೆಷಿನ್‌ನಲ್ಲಿ ನಿಂತವ ಸಂಜೆ ಸೆಂಟರ್ ಫಾರ್ವರ್ಡ್. ನೋಡಲು ಹೋಗುವವನಿಗೆ ಬೇರೆ ಕಾರಣ ಬೇಕಾ? ಮೈಸೂರು ರಾಜ್ಯ 1967-68 ಮತ್ತು 1968-69ರಲ್ಲಿ ಸತತ ಎರಡು ಬಾರಿ ಸಂತೋಷ್ ಟ್ರೋಫಿ ಗೆದ್ದಿತು. ಎರಡನೆಯದ್ದು ಬೆಂಗಳೂರಿನಲ್ಲೇ, ಬಂಗಾಳವನ್ನು ಸೋಲಿಸಿ.

ಮುಂದಿನ ಸಂತೋಷ್ ಟ್ರೋಫಿಗೆ 54 ವರ್ಷ ಕಾಯಬೇಕಾಯ್ತು. 2023ರ ಮಾರ್ಚ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಗೆದ್ದದ್ದು ಸೌದಿಯ ರಿಯಾದ್‌ನಲ್ಲಿ. ಊರಿನವರ ಕಣ್ಣೆದುರು ಅಲ್ಲ!

ಆ 54 ವರ್ಷಗಳಲ್ಲಿ ಎಂತ ಆಯ್ತು? ಕ್ರಿಕೆಟ್ ಬಂತು, ಟಿವಿ ಬಂತು ಅಂತ ಎಲ್ಲರೂ ಹೇಳ್ತಾರೆ. ಅದು ಹೌದು. 1983ರ ವಿಶ್ವಕಪ್ ಮೇಲೆ ಕ್ರಿಕೆಟ್ ಹಿಡಿದ ಹುಚ್ಚು ಬಿಡಲಿಲ್ಲ, ಕೇಬಲ್ ಬಂದ ಮೇಲೆ ಇಂಗ್ಲೆಂಡಿನ ಲೀಗ್ ಮನೆಯೊಳಗೇ ಬಂತು. ಆದ್ರೆ ನನ್ನ ಲೆಕ್ಕದಲ್ಲಿ ದೊಡ್ಡ ಪೆಟ್ಟು ಬಿದ್ದದ್ದು ಕಾರ್ಖಾನೆಯ ಕಡೆಯಿಂದ. 1990ರ ದಶಕದ ನಂತರ ಸರ್ಕಾರಿ ಉದ್ದಿಮೆಗಳು ಸೊರಗಿದವು, ಕ್ರೀಡಾ ಕೋಟಾದ ನೇಮಕಾತಿ ಇಳಿಯಿತು. ಮೈದಾನದಲ್ಲಿ ನಮ್ಮವ ಅಂತ ಯಾರೂ ಉಳಿಯಲಿಲ್ಲ. ಎಚ್‌ಎಎಲ್ ಮಾತ್ರ ಐ-ಲೀಗ್‌ನಲ್ಲಿ ಕೊನೆವರೆಗೆ ಹೋರಾಡಿತು, ಅದೂ ಒಬ್ಬ ವಿದೇಶಿ ಆಟಗಾರನೂ ಇಲ್ಲದೆ. 2011-12ರಲ್ಲಿ ಅದೂ ಕೆಳಗೆ ಬಿತ್ತು. ಮರುವರ್ಷ ದೇಶದ ಮೇಲಿನ ಲೀಗ್‌ನಲ್ಲಿ ಬೆಂಗಳೂರಿನದ್ದು ಅಂತ ಒಂದು ತಂಡವೂ ಇರಲಿಲ್ಲ.

2013ರ ಜುಲೈಯಲ್ಲಿ ಜೆಎಸ್‌ಡಬ್ಲ್ಯೂ ಸಂಸ್ಥೆ ಬೆಂಗಳೂರು ಎಫ್‌ಸಿ ಶುರು ಮಾಡಿತು. ಉಕ್ಕಿನ ಕಂಪನಿ, ಇಂಗ್ಲೆಂಡಿನ ಕೋಚ್ ಆಶ್ಲಿ ವೆಸ್ಟ್‌ವುಡ್, ನಾಯಕ ಸುನಿಲ್ ಛೆಟ್ರಿ. ಇದರಲ್ಲಿ ಬೆಂಗಳೂರು ಎಲ್ಲುಂಟು ಅಂತ ಹಳಬರು ಕೇಳಿದ್ರೆ ತಪ್ಪಿಲ್ಲ. ಮೊದಲ ಪಂದ್ಯ ಸೆಪ್ಟೆಂಬರ್ 22ರಂದು, ಅಶೋಕನಗರದ ಹಳೆಯ ಫುಟ್‌ಬಾಲ್ ಸ್ಟೇಡಿಯಂನಲ್ಲಿ, ಮೋಹನ್ ಬಗಾನ್ ವಿರುದ್ಧ 1-1 ಡ್ರಾ. ಆ ಸ್ಟೇಡಿಯಂನ ಪಶ್ಚಿಮದ ಬ್ಲಾಕ್‌ನಲ್ಲಿ ಸೇರಿದ ಕೆಲವು ಅಭಿಮಾನಿಗಳು ತಮಗೆ ತಾವೇ ಇಟ್ಟುಕೊಂಡ ಹೆಸರು ವೆಸ್ಟ್ ಬ್ಲಾಕ್ ಬ್ಲೂಸ್. ಇದು ಕಂಪನಿ ಕಟ್ಟಿದ ಕೂಟ ಅಲ್ಲ, ಜನ ಕಟ್ಟಿದ್ದು. ನನಗೆ ಇಡೀ ಕಥೆಯ ಜೀವ ಇಲ್ಲೇ ಕಾಣ್ತದೆ. ಡೋಲು, ಬಾವುಟ, ಕನ್ನಡದ ಘೋಷಣೆ, ತೊಂಬತ್ತು ನಿಮಿಷವೂ ನಿಂತೇ ಇರುವುದು. ಐಟಿ ಕೆಲಸಕ್ಕೋ ಓದಿಗೋ ಬಂದ ಹುಡುಗನಿಗೆ ಬೆಂಗಳೂರಿನಲ್ಲಿ ಕೇರಿ ಇಲ್ಲ, ಕಾರ್ಖಾನೆ ಇಲ್ಲ. ಈ ಬ್ಲಾಕ್ ಅವನಿಗೊಂದು ಕೇರಿ ಆಯ್ತು.

ತಂಡ ಗೆದ್ದದ್ದೂ ನೆರವಾಯ್ತು, ಇಲ್ಲ ಅನ್ನುವುದಿಲ್ಲ. ಮೊದಲ ಸೀಸನ್‌ನಲ್ಲೇ ಐ-ಲೀಗ್ ಚಾಂಪಿಯನ್. ಆಮೇಲೆ ಸಂಪಂಗಿ ಕೆರೆ ಇದ್ದ ಜಾಗದಲ್ಲಿ ಕಟ್ಟಿದ ಕಂಠೀರವಕ್ಕೆ ಹೋದ್ರು. ಅಲ್ಲಿ ಓಟದ ಟ್ರ್ಯಾಕ್ ನಡುವೆ ಇರುವುದರಿಂದ ಆಟ ದೂರ, ಫುಟ್‌ಬಾಲ್‌ಗೆ ಹೇಳಿದ ಜಾಗ ಅಲ್ಲ. ಆದ್ರೂ ಜನ ಹಿಂದೆಯೇ ಬಂದ್ರು. ನಿಜವಾದ ಪರೀಕ್ಷೆ 2015ರ ಮೇ 31ರಂದು. ಕೊನೆಯ ಪಂದ್ಯ, ಮಳೆ, ಎದುರು ಮೋಹನ್ ಬಗಾನ್. ಬೆಂಗಳೂರು ಗೆದ್ದಿದ್ರೆ ಮತ್ತೆ ಚಾಂಪಿಯನ್. 1-0 ಮುಂದೆ ಇತ್ತು. ಮುಗಿಯಲು ಕೆಲವೇ ನಿಮಿಷ ಇರುವಾಗ ಬೆಲ್ಲೊ ರಜಾಕ್ ತಲೆ ಕೊಟ್ಟು ಗೋಲು ಹೊಡೆದ, 1-1, ಕಪ್ ಕೋಲ್ಕತ್ತಕ್ಕೆ. ಮನೆಯಂಗಳದಲ್ಲೇ ಹಾಗೆ ಸೋತ ಮೇಲೆ ಗ್ಯಾಲರಿ ಖಾಲಿ ಆಗಬೇಕಿತ್ತಲ್ಲ? ಆಗಲಿಲ್ಲ. ಮರುವರ್ಷ ಅದೇ ಜನ ಬಂದ್ರು, ತಂಡ ಲೀಗ್ ಗೆದ್ದಿತು. 2016ರ ಅಕ್ಟೋಬರ್‌ನಲ್ಲಿ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ಇಲ್ಲೇ 3-1ರಲ್ಲಿ ಸೋಲಿಸಿ, ಆ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯ್ತು. ಪಂದ್ಯ ಗೆದ್ದ ಮೇಲೆ ಆಟಗಾರರು ವೆಸ್ಟ್ ಬ್ಲಾಕ್ ಎದುರು ಬಂದು, ಕೈ ಮೇಲೆತ್ತಿ, ಜನರೊಟ್ಟಿಗೆ ಒಂದೇ ತಾಳದಲ್ಲಿ ಚಪ್ಪಾಳೆ ತಟ್ಟುವ ರೂಢಿ ಬಂತು. ಐಸ್‌ಲ್ಯಾಂಡಿನವರಿಂದ ಕಲಿತದ್ದು. ಆಡಂಬರ ಅನ್ನುವವರೂ ಇದ್ದಾರೆ. ನನಗೆ ಹಾಗೆ ಅನಿಸಲಿಲ್ಲ. ಆಟಗಾರ ಜನರ ಹತ್ತಿರ ನಡೆದು ಬರುವುದು ಸಣ್ಣ ಮಾತಲ್ಲ.

ಆ ಛೆಟ್ರಿಗೇ 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಎಂತ ಕಂಡಿತು ಗೊತ್ತುಂಟಾ? ಭಾರತ ತೈವಾನ್ ತಂಡವನ್ನು 5-0ಯಲ್ಲಿ ಸೋಲಿಸಿತು, ಛೆಟ್ರಿಯದ್ದು ಹ್ಯಾಟ್ರಿಕ್. ನೋಡಲು ಬಂದವರು 2,569 ಜನ. ಮರುದಿನ ಅವರು ಒಂದು ವಿಡಿಯೊ ಹಾಕಿದ್ರು: ಬೈಯಲಿಕ್ಕಾದ್ರೂ ಸರಿ, ಸ್ಟೇಡಿಯಂಗೆ ಬನ್ನಿ ಎನ್ನುವ ಅರ್ಥದಲ್ಲಿ. ಮುಂದಿನ ಪಂದ್ಯ ಕೀನ್ಯಾ ಜತೆ, ಅವರ 100ನೆಯದ್ದು. ಟಿಕೆಟ್ ಪೂರ್ತಿ ಖಾಲಿ! ಒಂದು ವಿಡಿಯೊದಿಂದ ಒಂದು ರಾತ್ರಿ ತುಂಬಿಸಬಹುದು. ವೆಸ್ಟ್ ಬ್ಲಾಕ್‌ನವರು ತುಂಬಿಸಿದ್ದು ವರ್ಷಗಟ್ಟಲೆ, ಕೊರೊನಾ ಕಾಲದಲ್ಲಿ ಎರಡು ಸೀಸನ್ ಗೋವಾದ ಖಾಲಿ ಮೈದಾನಗಳಲ್ಲಿ ಕಳೆದ ಮೇಲೂ.

ಆದ್ರೆ ಈ ಕೇರಿಯ ಆಧಾರ ಎಷ್ಟು ತೆಳು ಅಂತ 2025ರಲ್ಲಿ ಗೊತ್ತಾಯ್ತು. ಏಪ್ರಿಲ್‌ನಲ್ಲಿ ತಂಡ ಐಎಸ್‌ಎಲ್ ಫೈನಲ್ ಆಡಿತ್ತು. ಜುಲೈಯಲ್ಲಿ ಫೆಡರೇಶನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ ಒಪ್ಪಂದ ನವೀಕರಣ ಆಗದೆ ಹೊಸ ಸೀಸನ್ನೇ ತಡೆಹಿಡಿಯಲ್ಪಟ್ಟಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸಿತು. ಕಾರ್ಖಾನೆ ಸೊರಗಿದಾಗ ಆದದ್ದೇ ಪುನಃ. ಜನ ಇದ್ದರು, ಡೋಲು ಇತ್ತು, ಆಟವೇ ಇರಲಿಲ್ಲ.

ಆ ತಿಂಗಳು ನನ್ನ ಅಕ್ಕನ ಮಗ ಕಡಬಕ್ಕೆ ಬಂದಿದ್ದ. ಬೆಂಗಳೂರಲ್ಲಿ ಕೆಲಸ, ನಾಲ್ಕು ವರ್ಷದಿಂದ ವೆಸ್ಟ್ ಬ್ಲಾಕ್‌ನಲ್ಲಿ ನಿಲ್ಲುವವ. ಮಳೆ ಬರ್ತಿತ್ತು, ಅಡಿಕೆಗೆ ಮದ್ದು ಬಿಡಲೂ ಆಗದ ದಿನ. ನೀಲಿ ಜೆರ್ಸಿ ಹಾಕಿಕೊಂಡೇ ಜಗಲಿಯಲ್ಲಿ ಕೂತು, "ಮಾವ, ಈ ಸಲ ಲೀಗ್ ಉಂಟಾ?" ಅಂತ ಕೇಳಿದ. ನಾನೆಂತ ಹೇಳುವುದು? "ಮೊದಲು ಮಳೆ ಬಿಡ್ಲಿ, ನೋಡುವ" ಅಂದೆ.