ಸೆಲಾಮತ್: ಒಂದು ಕ್ಷೇಮವಚನದ ಸಂಚಾರ

ಇಂಡೊನೇಷ್ಯಕ್ಕೆ ಹೊರಟವರಿಗೆಂದು ಬರೆದ ನುಡಿಗೈಪಿಡಿಗಳಲ್ಲಿ ಮೊದಲಿಗೇ ಎದುರಾಗುವ ‘ಸೆಲಾಮತ್’ ಎಂಬ ಪದಕ್ಕೆ ‘ಶುಭ’ ಎಂದು ಅರ್ಥ ಹೇಳುವುದು ವಾಡಿಕೆಯಾದರೂ, ಅದರ ಒಳಭಾವ ಶುಭಕ್ಕಿಂತ ಕ್ಷೇಮಕ್ಕೆ ಹತ್ತಿರವಾದುದು. ಕೇಡಿಗೆ ಸಿಲುಕದೆ ಸುರಕ್ಷಿತವಾಗಿರುವಿಕೆಯನ್ನು ಹೇಳುವ ಅರಬ್ಬಿ ಶಬ್ದವೊಂದರಿಂದ ಬಂದ ಈ ಪದವೂ ಕನ್ನಡದ ‘ಸಲಾಮು’ ಎಂಬುದೂ ಒಂದೇ ಧಾತುವಿನ ಕವಲುಗಳು. ಕನ್ನಡದಲ್ಲಿ ಅದು ವಂದನೆಯಾಗಿ, ‘ಸಲಾಮು ಹೊಡೆ’ ಎಂಬಲ್ಲಿ ದೈನ್ಯದ ಸೂಚನೆಯೂ ಆಗಿ ನಿಂತಿದ್ದರೆ, ಮಲಯ ನುಡಿಯಿಂದ ರೂಪುಗೊಂಡ ಇಂಡೊನೇಷ್ಯನ್ ಭಾಷೆಯಲ್ಲಿ ಇಡೀ ದಿನಚರಿಯನ್ನೇ ವ್ಯಾಪಿಸಿದೆ.

ಬೆಳಿಗ್ಗೆ ‘ಸೆಲಾಮತ್ ಪಾಗಿ’, ಹೊತ್ತು ನೆತ್ತಿಗೇರುವಾಗ ‘ಸೆಲಾಮತ್ ಸಿಯಾಂಗ್’, ಬಿಸಿಲು ಇಳಿದ ಮೇಲೆ ‘ಸೆಲಾಮತ್ ಸೊರೆ’, ಕತ್ತಲಾದ ಮೇಲೆ ‘ಸೆಲಾಮತ್ ಮಾಲಮ್’ ಎಂದು ಹೇಳಿ, ಅದರ ಬೆನ್ನಿಗೇ ಗಂಡಸರಿಗೆ ‘ಪಾಕ್’ (ತಂದೆ), ಹೆಂಗಸರಿಗೆ ‘ಬು’ (ತಾಯಿ) ಎಂಬ ಸಂಬೋಧನೆ ಸೇರಿಸುವುದು ಅಲ್ಲಿನ ಮರ್ಯಾದೆ. ಸಲುಗೆಯಲ್ಲಿ ‘ಸೆಲಾಮತ್’ ಬಿಟ್ಟುಹೋಗಿ ‘ಪಾಗಿ, ಪಾಕ್’ ಎಂಬಷ್ಟೇ ಉಳಿಯಬಹುದು. ಆದರೆ ಅಪರಿಚಿತ ಹಿರಿಯರೆದುರು ಆ ‘ಪಾಕ್’ ಬಿಟ್ಟರೆ ಮಾತು ಬೋಳಾಗುತ್ತದೆ.

ಬೀಳ್ಕೊಡುವಾಗ ಯಾರು ಹೊರಟವರು, ಯಾರು ಉಳಿದವರು ಎಂಬುದು ಮುಖ್ಯವಾಗುತ್ತದೆ. ಉಳಿಯುವವರು ಹೊರಟವರಿಗೆ ‘ಸೆಲಾಮತ್ ಜಾಲನ್’, ಅಂದರೆ ದಾರಿ ಕ್ಷೇಮವಾಗಿರಲಿ ಎಂದರೆ, ಹೊರಟವರು ಉಳಿಯುವವರಿಗೆ ‘ಸೆಲಾಮತ್ ತಿಂಗ್ಗಲ್’, ಅಂದರೆ ಇಲ್ಲಿ ಕ್ಷೇಮವಾಗಿರಿ ಎನ್ನುತ್ತಾರೆ. ಎರಡನೆಯದರಲ್ಲಿ ಅಗಲಿಕೆಯ ಛಾಯೆ ಗಾಢವಾದ್ದರಿಂದ, ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವ ಕನ್ನಡಿಗರಂತೆ, ಅಲ್ಲಿಯವರೂ ದಿನನಿತ್ಯದಲ್ಲಿ ‘ಮತ್ತೆ ಸಿಗುವವರೆಗೆ’ ಎಂಬರ್ಥದ ‘ಸಾಂಪೈ ಜುಂಪಾ’ ಎಂಬ ಹಗುರ ಮಾತಿಗೆ ಮೊರೆಹೋಗುತ್ತಾರೆ. ‘ಸೆಲಾಮತ್ ಜಾಲನ್’ ಎಂಬುದಾದರೋ ತೀರಿಕೊಂಡವರಿಗೆ ಹೇಳುವ ಕಡೆಯ ವಿದಾಯವೂ ಹೌದು.

ಜಾವಾ ದ್ವೀಪದಲ್ಲಿ ಇದೇ ಪದ ‘ಸ್ಲಾಮೆತ್’ ಎಂಬ ರೂಪ ತಾಳಿ, ‘ಸ್ಲಾಮೆತನ್’ ಎಂಬ ಆಚರಣೆಗೆ ಹೆಸರಾಗಿದೆ. ಹುಟ್ಟು, ಮದುವೆ, ಸಾವು, ಮನೆ ಬದಲಾವಣೆಯಂತಹ ಸಂದರ್ಭಗಳಲ್ಲಿ ನೆರೆಹೊರೆಯವರನ್ನು ಕರೆದು, ಪ್ರಾರ್ಥನೆ ಸಲ್ಲಿಸಿ ಊಟ ಹಂಚುವ ಈ ಕೂಟವನ್ನು ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ 1960ರ ತಮ್ಮ ಗ್ರಂಥದಲ್ಲಿ ಜಾವಾ ಧಾರ್ಮಿಕ ಜೀವನದ ಕೇಂದ್ರದಲ್ಲಿರಿಸಿದರು. ಬಂದವರು ಅಲ್ಲಿ ತುಸುವೇ ಉಂಡು, ಉಳಿದುದನ್ನು ಮನೆಗೆ ಒಯ್ಯುತ್ತಾರೆ; ಆ ಪೊಟ್ಟಣಕ್ಕೆ ‘ಬೆರ್ಕತ್’ ಎಂದು ಹೆಸರು, ಅದು ಕನ್ನಡದ ‘ಬರಕತ್ತು’ ಎಂಬುದರ ಒಡಹುಟ್ಟು.

ಅರಬ್ಬಿ ಮೂಲದ್ದಾದರೂ ಈ ಪದ ಒಂದೇ ಧರ್ಮದ ಸೊತ್ತಾಗಿ ಉಳಿಯಲಿಲ್ಲ. ಮುಸ್ಲಿಮರು ತಮ್ಮೊಳಗೆ ‘ಅಸ್ಸಲಾಮು ಅಲೈಕುಮ್’ ಎಂದೂ ಬಾಲಿಯ ಹಿಂದೂಗಳು ‘ಓಂ ಸ್ವಸ್ತ್ಯಸ್ತು’ ಎಂದೂ ವಂದಿಸಿಕೊಂಡರೂ, ಕ್ರಿಸ್ಮಸ್ಸಿಗಾಗಲಿ ಬಾಲಿಯ ಮೌನದ ಹಬ್ಬವಾದ ನ್ಯೆಪಿಗಾಗಲಿ ಹಾರೈಕೆ ‘ಸೆಲಾಮತ್’ ಎಂದೇ ಮೊದಲಾಗುತ್ತದೆ. ಕ್ರೈಸ್ತರ ಉದ್ಧಾರಕನಿಗೂ ‘ಜುರುಸೆಲಾಮತ್’ ಎಂಬ ಹೆಸರಿದೆ.

ದುರಂತದ ವರದಿಗಳಲ್ಲಿ ಬದುಕುಳಿದವರನ್ನು ಸೂಚಿಸುವುದೂ ಇದೇ ಪದ. ಮಧ್ಯ ಜಾವಾದಲ್ಲಿ 3,400 ಮೀಟರಿಗೂ ಎತ್ತರಕ್ಕೆ ನಿಂತ ಜೀವಂತ ಜ್ವಾಲಾಮುಖಿಯೊಂದರ ಹೆಸರೂ ‘ಸ್ಲಾಮೆತ್’. ಬೆಂಕಿ ಕಾರುವ ಬೆಟ್ಟದ ಬುಡದಲ್ಲಿ ನೇಗಿಲು ಹೂಡುವವರ ನಾಡಿನಲ್ಲಿ ಬೆಳಗಿನ ವಂದನೆಗೆ ಶುಭಕ್ಕಿಂತ ಕ್ಷೇಮವೇ ಒಪ್ಪುವ ಮಾತು.