ಹಾಳು ಮಂಟಪದ ಬಾವಲಿ, ಕ್ಯಾಸನೂರಿನ ಉಣ್ಣೆ

ಮೊನ್ನೆ ವೇದಾವತಿ ಕಡೆಗಿರೋ ನಮ್ಮ ಹೊಲದ ಪಕ್ಕದ ಹಾಳು ಮಂಟಪದ ಮುಂದೆ ಊರ ಹುಡುಗರು ಹಳೇ ಟೈರು, ಬೇವಿನ ಸೊಪ್ಪು ಒಟ್ಟಿದ್ರು. ಒಳಗಿರೋ ಬಾವಲಿಗೆ ಹೊಗೆ ಹಾಕಬೇಕಂತೆ. ಯಾಕ್ರೋ ಅಂದ್ರೆ, "ಬಾವಲಿ ಉಣ್ಣೆಯಿಂದ ಮಂಗನ ಕಾಯಿಲೆ ಬರುತ್ತಂತೆ ಮಾವ, ಮೊಬೈಲಲ್ಲಿ ಬಂದೈತೆ" ಅಂದ ಒಬ್ಬ. ಪೂರಾ ಸುಳ್ಳು ಅಂತ ಬೈಯೋಕಾಗಲಿಲ್ಲ. ಅದಕ್ಕೊಂದು ಹಳೇ ಬೇರು ಐತೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ವು. ಸುತ್ತಲಿನ ಹಳ್ಳಿಗಳಲ್ಲಿ ವಿಪರೀತ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದ್ರು. ಆಫ್ರಿಕಾದ ಹಳದಿ ಜ್ವರ ಇಲ್ಲಿಗೂ ಬಂತಾ ಅನ್ನೋದೇ ಮೊದಲ ಭಯ. ಪರೀಕ್ಷೆಯಲ್ಲಿ ಸಿಕ್ಕಿದ್ದು ಹೊಸ ವೈರಸ್, ರಷ್ಯಾ ಕಡೆಯ ಉಣ್ಣೆ ಜ್ವರದ ದಾಯಾದಿ. ಅದಕ್ಕೆ ಆ ಕಾಡಿನ ಹೆಸರನ್ನೇ ಇಟ್ರು.

ಆಮೇಲೆ ಯಾವ್ಯಾವ ಪ್ರಾಣಿಯಲ್ಲಿ ಈ ವೈರಸ್ ಐತೆ ಅಂತ ಹುಡುಕಾಟ. ಇಲಿ, ಅಳಿಲು, ಹಕ್ಕಿ, ಬಾವಲಿ ಯಾವುದನ್ನೂ ಬಿಡಲಿಲ್ಲ. ರಾಜಗೋಪಾಲನ್, ಪಾಲ್, ಶ್ರೀನಿವಾಸನ್ ಅನ್ನೋ ವಿಜ್ಞಾನಿಗಳು 1969ರಲ್ಲಿ ಬರೆದ ವರದಿ ಪ್ರಕಾರ, ಹುಳ ತಿನ್ನೋ ಒಂದು ಜಾತಿ ಬಾವಲಿಯಲ್ಲೂ, ಆರ್ನಿಥೊಡೊರಸ್ ಅನ್ನೋ ಉಣ್ಣೆಯಲ್ಲೂ ವೈರಸ್ ಸಿಕ್ತು. ಮೊಬೈಲಿನ ಸುದ್ದಿಗೆ ಇಷ್ಟೇ ಬಂಡವಾಳ.

ಆದ್ರೆ ಉಣ್ಣೆ ಅಂದ್ರೆ ಎಲ್ಲಾ ಒಂದೇ ಅಲ್ಲ. ಮಲೆನಾಡಲ್ಲಿ ಜನಕ್ಕೆ ಈ ಕಾಯಿಲೆ ಅಂಟಿಸೋದು ಮುಖ್ಯವಾಗಿ ಹೀಮಾಫಿಸಾಲಿಸ್ ಅನ್ನೋ ಗಟ್ಟಿ ಬೆನ್ನಿನ ಉಣ್ಣೆ. ಅದು ಕಾಡಿನ ನೆಲದಲ್ಲಿ, ತರಗಿನಲ್ಲಿ ಇರುತ್ತೆ. ಮರಿ ಇದ್ದಾಗ ಇಲಿ, ಮಂಗ, ಮನುಷ್ಯ, ಸಿಕ್ಕಿದ್ದನ್ನ ಕಚ್ಚುತ್ತೆ. ಬೆಳೆದ ಮೇಲೆ ದೊಡ್ಡ ಪ್ರಾಣಿ ಬೇಕು. ಕಾಡಿಗೆ ಮೇಯೋಕೆ ಬಿಟ್ಟ ದನಗಳ ಮೈಮೇಲೆ ಅದು ಚೆನ್ನಾಗಿ ರಕ್ತ ಕುಡಿದು ಸಂತಾನ ಹೆಚ್ಚಿಸಿಕೊಳ್ತು. ಅಂದ್ರೆ ಈ ಕಥೆಯಲ್ಲಿ ಬಾವಲಿಗಿಂತ ನಮ್ಮಂಥೋರ ದನದ ಪಾತ್ರವೇ ದೊಡ್ಡದು! ದನಕ್ಕೆ ಯಾರೂ ಟೈರ್ ಹೊಗೆ ಹಾಕಲ್ಲ ಬಿಡಿ.

ಬಾವಲಿ ಉಣ್ಣೆದು ಬೇರೆ ಸಂಸಾರ. ಬೆನ್ನು ಮೆತ್ತಗೆ. ನಮ್ಮ ಎಮ್ಮೆ ಕಿವಿಲಿ ದಿನಗಟ್ಲೆ ಕಚ್ಕೊಂಡು ಕೂರೋ ಹಂಗಲ್ಲ. ಹಗಲು ಬಾವಲಿ ಮಲಗಿದಾಗ ಕಲ್ಲಿನ ಸಂದಿಯಿಂದ ಬಂದು, ಸ್ವಲ್ಪ ಹೊತ್ತು ರಕ್ತ ಕುಡಿದು, ವಾಪಸ್ ಸಂದಿಗೆ ಹೋಗುತ್ತೆ. ತಿಂಗಳುಗಟ್ಟಲೆ ಉಪವಾಸ ಇರೋ ತಾಕತ್ತು ಅದಕ್ಕೈತೆ.

ಅದಕ್ಕೇ ಹೊಗೆ ಹಾಕಬೇಡಿ ಅಂದೆ. ಹೊಗೆಗೆ ಬಾವಲಿ ಹಾರಿ ಹೋಗುತ್ತೆ, ಸಂದಿಲಿರೋ ಉಣ್ಣೆ ಹಾರಲ್ಲ. ಹಸಿದ ಮೇಲೆ ಮಂಟಪದಲ್ಲಿ ಮಧ್ಯಾಹ್ನ ಮಲಗೋ ಕುರಿ ಕಾಯೋನೇ ಅದಕ್ಕೆ ಊಟ. ಬಾವಲಿ ಬಿಟ್ಟುಹೋದ ಜಾಗದಲ್ಲಿ ಇಂಥ ಉಣ್ಣೆ ಮನುಷ್ಯರನ್ನ ಕಚ್ಚಿದ್ದು ಬೇರೆ ದೇಶಗಳಲ್ಲಿ ದಾಖಲಾಗೈತೆ.

ಒಬ್ಬ ಹುಡುಗ, ಕೆಳಗೆ ಬಿದ್ದ ಬಾವಲಿ ಮೈಮೇಲೆ "ಜೇಡ" ಓಡಾಡ್ತಿತ್ತು ಅಂದ. ಬಹುಶಃ ಅದು ಜೇಡ ಅಲ್ಲ, ರೆಕ್ಕೆ ಇಲ್ಲದ ನೊಣ. ಮೊಟ್ಟೆ ಇಡಲ್ಲ, ಬಲಿತ ಮರಿಹುಳವನ್ನೇ ಒಂದೊಂದಾಗಿ ಹೆತ್ತು ಗೋಡೆಗೆ ಅಂಟಿಸುತ್ತೆ. ಬಾವಲಿ ಮೈ ಬಿಟ್ರೆ ಹೆಚ್ಚು ದಿನ ಬದುಕಲ್ಲ. ಬಿದ್ದ ಬಾವಲಿನ ಮಾತ್ರ ಬರಿಗೈಲಿ ಮುಟ್ಟಬೇಡ ಅಂತ ಹೇಳ್ದೆ, ಕಚ್ಚಿದ್ರೆ ರೇಬೀಸ್ ಭಯ.

ಹುಡುಗರು ಗೊಣಗಿಕೊಂಡೇ ಟೈರು ಉರುಳಿಸ್ಕೊಂಡು ಹೋದ್ರು. ಬೇವಿನ ಸೊಪ್ಪು ನಮ್ಮ ಮೇಕೆಗಳಿಗಾಯ್ತು.